ಹೊತ್ತು ನೋಡಿ ಕುಡಿಯುವ ಕಳ್ಳು

ಉಡುಪಿಯಿಂದ ಬಡಗಣಕ್ಕೆ ಹೊರಟ ಹೆದ್ದಾರಿ ಕಲ್ಯಾಣಪುರದ ಬಳಿ ಸ್ವರ್ಣೆಯನ್ನೂ ಮಾಬುಕಳದಲ್ಲಿ ಸೀತೆಯನ್ನೂ ದಾಟುತ್ತದೆ. ಈ ಎರಡು ನದಿಗಳ ನಡುವೆ ಬ್ರಹ್ಮಾವರ. ಮಾಬುಕಳದ ಸೇತುವೆ ಕಳೆಯಿತೆಂದರೆ ತುಳು ಹಿಂದುಳಿದು ಕುಂದಗನ್ನಡದ ಸೀಮೆ ತೊಡಗುತ್ತದೆ. ಕೋಟ, ಕುಂದಾಪುರ, ಮರವಂತೆಗಳನ್ನು ಹಾದು ಬೈಂದೂರಿನ ಒತ್ತಿನೆಣೆಯ ಗುಡ್ಡದವರೆಗೂ ಅದೇ ಮಾತು, ಅದೇ ಊಟ, ಅದೇ ತೆಂಗಿನ ಸಾಲು. ಕೊಲ್ಲೂರಿನ ದೇವಿಯ ದರ್ಶನಕ್ಕೆಂದು ಈ ದಾರಿ ಹಿಡಿದವರು ಮರವಂತೆಯಲ್ಲಿ ಬಂಡಿ ನಿಲ್ಲಿಸಿ ಎಡಗಡೆಯ ಕಡಲನ್ನೂ ಬಲಗಡೆಯ ಸೌಪರ್ಣಿಕೆಯನ್ನೂ ನೋಡಿ ಬೆರಗಾಗುತ್ತಾರೆ. ಕತ್ತೆತ್ತಿ ತೆಂಗಿನ ನೆತ್ತಿಯಲ್ಲಿ ಕಟ್ಟಿದ ಮಡಕೆಯನ್ನು ನೋಡುವವರು ಮಾತ್ರ ವಿರಳ.

ಆ ಮಡಕೆಯೇ ಈ ಸೀಮೆಯ ಪಾನಶಾಲೆಯ ಮೂಲ. ಸರಕಾರದ ಕಾಗದಗಳಲ್ಲಿ ಅದರೊಳಗಿನದು ‘ಶೇಂದಿ’. ಜನರ ಬಾಯಲ್ಲಿ ಕಳ್ಳು. ಸೀತೆಯ ತೆಂಕಣ ದಡದ ತುಳುವರಿಗೆ ‘ಕಲಿ’. ಅದನ್ನು ಇಳಿಸುವ ಕಸುಬಿಗೆ ಮೂರ್ತೆಯೆಂದು ಹೆಸರು, ಇಳಿಸುವವನು ಮೂರ್ತೆದಾರ, ಮಾರುವ ಜಾಗ ಗಡಂಗು.

ಬೆಂಗಳೂರಿನಲ್ಲಿ ಈ ಶತಮಾನದ ಎರಡನೆಯ ದಶಕದಿಂದೀಚೆಗೆ ಸಣ್ಣ ಸಣ್ಣ ಬಿಯರ್ ತಯಾರಿಕಾ ಶಾಲೆಗಳು ತಲೆಯೆತ್ತಿವೆ. ತಾಮ್ರದ ಹಂಡೆಗಳನ್ನು ಗಾಜಿನ ಗೋಡೆಯ ಹಿಂದೆ ನಿಲ್ಲಿಸಿ, ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಈ ಮನೆಗಳಿಗೆ ರಸಿಕರು ಸಾಲುಗಟ್ಟಿ ಹೋಗಿ, ಇದು ಕಹಿ ಹೆಚ್ಚು, ಅದರ ನೊರೆ ಚೆನ್ನು, ಇಲ್ಲಿಯ ಪರಿಚಾರಕರು ಸೌಜನ್ಯಶಾಲಿಗಳು ಎಂದು ಅಂಕಗಳನ್ನು ಕೊಡುತ್ತಾರೆ. ಅಂಥ ಒಬ್ಬ ರಸಿಕ ಕುಂದಾಪುರದ ಕಡೆಗೆ ಬಂದು ಅದೇ ಅಳತೆಗೋಲನ್ನು ಗಡಂಗಿಗೆ ಹಿಡಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ. ಬಿಯರು ಹದಕ್ಕೆ ಬರಲು ಎರಡು ಮೂರು ವಾರ ಬೇಕು, ಬಂದ ಮೇಲೆ ತಂಪಿನಲ್ಲಿ ಅದೇ ಹದದಲ್ಲಿ ನಿಲ್ಲುತ್ತದೆ. ಕಳ್ಳಿಗೆ ನಿಲ್ಲುವ ಹದವೇ ಇಲ್ಲ. ಬೆಳಿಗ್ಗೆ ಏಳಕ್ಕೆ ಅದು ಒಂದು ಪೇಯ, ಹತ್ತಕ್ಕೆ ಇನ್ನೊಂದು, ಸಂಜೆಗೆ ಮತ್ತೊಂದು, ಮರುದಿನ ಹೆಚ್ಚುಕಡಿಮೆ ಅಡುಗೆಮನೆಯ ಹುಳಿ. ಆದುದರಿಂದ ಗಡಂಗಿನಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವುದಿದೆ?’ ಎಂಬುದಲ್ಲ, ‘ಯಾವಾಗ ಇಳಿಸಿದ್ದು?’ ಎಂಬುದು. ಆ ಪ್ರಶ್ನೆಗೆ ದೊರೆಯುವ ಉತ್ತರದ ಪ್ರಾಮಾಣಿಕತೆಯೇ ಅಲ್ಲಿಯ ಉಪಚಾರ.

ಇದರ ಕಾರಣವನ್ನು ಮರದ ಮೇಲೆಯೇ ಹುಡುಕಬೇಕು. ತೆಂಗಿನ ಹೊಂಬಾಳೆ ಬಿರಿಯುವ ಮುನ್ನ ಮೂರ್ತೆದಾರ ಅದನ್ನು ಬಿಗಿಯಾಗಿ ಸುತ್ತಿ ಕಟ್ಟುತ್ತಾನೆ. ದಿನವೂ ಹತ್ತಿ, ಎಲುಬಿನ ತುಂಡಿನಿಂದಲೋ ಮರದ ಕೊಡತಿಯಿಂದಲೋ ಮೆಲ್ಲಗೆ ಬಡಿಯುತ್ತಾನೆ. ಬಡಿತ ಹೆಚ್ಚಾದರೆ ಹೊಂಬಾಳೆ ಕೊಳೆಯುತ್ತದೆ. ಕಡಿಮೆಯಾದರೆ ರಸ ಇಳಿಯದು. ವಾರ ಹತ್ತು ದಿನಗಳ ಈ ಆರೈಕೆಯ ಬಳಿಕ ತುದಿಯನ್ನು ಹರಿತವಾದ ಕತ್ತಿಯಿಂದ ಕೊಯ್ದು, ತುಸು ಬಾಗಿಸಿ, ಕೆಳಗೆ ಮಡಕೆ ಕಟ್ಟುತ್ತಾನೆ. ಅಂದಿನಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹತ್ತಿ, ಕೂಡಿದ ರಸವನ್ನು ಬಸಿದುಕೊಂಡು, ಕೊಯ್ದ ಬಾಯನ್ನು ಮತ್ತೆ ಕಾಗದದಷ್ಟು ತೆಳ್ಳಗೆ ಸವರಿ ಬರಬೇಕು. ಒಂದು ಹೊತ್ತು ತಪ್ಪಿಸಿದರೂ ಗಾಯ ಒಣಗಿ ರಸ ನಿಲ್ಲುತ್ತದೆ. ಮನೆಯಲ್ಲಿ ಮದುವೆಯಿರಲಿ, ಮೈಯಲ್ಲಿ ಜ್ವರವಿರಲಿ, ಮರ ರಜೆ ಕೊಡುವುದಿಲ್ಲ.

ಹೊಂಬಾಳೆಯಿಂದ ತೊಟ್ಟಿಕ್ಕುವ ರಸ ನೀರಿನಂತೆ ತಿಳಿ, ಕಬ್ಬಿನ ಹಾಲಿನಂತೆ ಸಿಹಿ. ನೂರಕ್ಕೆ ಹದಿಮೂರು ಹದಿನಾಲ್ಕು ಪಾಲು ಸಕ್ಕರೆ. ಗಾಳಿಯಿಂದಲೂ ಹಳೆಯ ಮಡಕೆಯ ಮೈಯಿಂದಲೂ ಬಂದು ಸೇರುವ ಯೀಸ್ಟ್ ಎಂಬ ಸೂಕ್ಷ್ಮ ಜೀವಿ ಆ ಸಕ್ಕರೆಯನ್ನು ಕೂಡಲೆ ತಿನ್ನತೊಡಗುತ್ತದೆ. ಬಿಯರ್ ತಯಾರಕ ಕೊಂಡು ತಂದು, ಎಣಿಸಿ, ಹಾಕುವ ಅದೇ ಕುಲದ ಜೀವಿ ಇಲ್ಲಿ ಕರೆಯದೆ ಬರುವ ನೆಂಟ. ಕೆಲವೇ ಗಂಟೆಗಳಲ್ಲಿ ರಸ ಹಾಲಿನಂತೆ ಬೆಳ್ಳಗಾಗಿ, ಬಿಯರಿನ ಸರಿಸಮಕ್ಕೆ, ಎಂದರೆ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಹುಳಿಯ ಬ್ಯಾಕ್ಟೀರಿಯಗಳ ಸರದಿ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಯೀಸ್ಟಿಗೆ ಪ್ರವೇಶವಿಲ್ಲ. ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕುದಿಸಿ ಬೆಲ್ಲ ಮಾಡಬಹುದು. ಒಂದು ಗೆರೆ ಸುಣ್ಣ ಮಡಕೆಯೊಳಗಿನ ರಸವನ್ನು ಬೆಲ್ಲದ ಕಡೆಗೋ ಕಳ್ಳಿನ ಕಡೆಗೋ ತಿರುಗಿಸುತ್ತದೆ.

ಬ್ರಹ್ಮಾವರದ ಕಡೆಯಿಂದ ತೊಡಗಿದರೆ ಮೊದಲು ಕಾಣಸಿಗುವುದು ಶಿಸ್ತಿನ ಗಡಂಗು. ಕೆಂಪು ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹೊರಗೆ ಪರವಾನಗಿಯ ಸಂಖ್ಯೆ ಬರೆದ ಫಲಕ, ಒಳಗೆ ಉದ್ದನೆಯ ಎರಡು ಬೆಂಚು. ಮೂರ್ತೆದಾರರ ಸಹಕಾರಿ ಸಂಘಗಳು ನಡೆಸುವ ಅಂಗಡಿಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ಹಲವರು ಇಳಿಸಿ ತಂದುದು ಒಂದೇ ಪಾತ್ರೆಗೆ ಬೀಳುವುದರಿಂದ ಇಲ್ಲಿಯ ಕಳ್ಳು ಒಂದು ದಿನದಂತೆ ಇನ್ನೊಂದು ದಿನ. ತೀರ ಕೆಡುವುದೂ ಇಲ್ಲ, ಮನಸ್ಸಿನಲ್ಲಿ ಉಳಿಯುವುದೂ ಇಲ್ಲ. ಬಡಿಸುವವನು ಮಿತಭಾಷಿ. ಕೇಳಿದ್ದನ್ನು ಅಳೆದು ಕೊಡುತ್ತಾನೆ, ಚಿಲ್ಲರೆ ಎಣಿಸಿ ಕೊಡುತ್ತಾನೆ. ಲೋಟ ತೊಳೆದದ್ದು, ನೆಲ ಗುಡಿಸಿದ್ದು, ಕಳ್ಳು ಬಟ್ಟೆಯಲ್ಲಿ ಸೋಸಿದ್ದು. ಹೊಸಬರು ನಿರ್ಭಯವಾಗಿ ಹೋಗಬಹುದಾದ ಸ್ಥಳ. ಹಳಬರು ಮಾತ್ರ ಯಾವ ತೋಟದ್ದು, ಯಾರ ಕೈಯದ್ದು ಎಂಬ ಪ್ರಶ್ನೆಗೆ ಉತ್ತರವಿಲ್ಲವಲ್ಲ ಎಂದು ಗೊಣಗುವುದುಂಟು. ಆ ಗೊಣಗಾಟದಲ್ಲಿ ಅರ್ಥವಿದೆ.

ಬ್ರಹ್ಮಾವರದ ಕಳ್ಳಿನ ನಿಜವಾದ ಸೊಗಸು ಗಡಂಗಿಗಿಂತ ಅಡುಗೆಮನೆಯಲ್ಲಿದೆ ಎನ್ನಬೇಕು. ಕಲ್ಯಾಣಪುರ, ಬ್ರಹ್ಮಾವರಗಳ ಸುತ್ತಣ ಕೊಂಕಣಿ ಮಾತಿನ ಕ್ರೈಸ್ತ ಮನೆಗಳಲ್ಲಿ ಹಬ್ಬವೆಂದರೆ ಸಾನ್ನ. ಅಕ್ಕಿ ಉದ್ದುಗಳನ್ನು ರುಬ್ಬಿ, ಹಿಟ್ಟಿಗೆ ಹೊಸ ಕಳ್ಳನ್ನು ಬೆರೆಸಿ, ಉಬ್ಬಿದ ಮೇಲೆ ಬಟ್ಟಲುಗಳಲ್ಲಿ ಹಬೆಗಿಟ್ಟರೆ ಇಡ್ಲಿಗಿಂತ ಮೆತ್ತಗಿನ, ತುಸು ಸಿಹಿಯ, ಬಿಳಿಯ ಸಾನ್ನ ಏಳುತ್ತದೆ. ಹಬೆಯಲ್ಲಿ ಅಮಲೆಲ್ಲ ಹಾರಿಹೋಗಿ ಪರಿಮಳ ಮಾತ್ರ ಉಳಿಯುತ್ತದೆ; ಮಕ್ಕಳೂ ತಿನ್ನುತ್ತಾರೆ. ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಪಾತ್ರೆ ಹಿಡಿದು ಕಳ್ಳಿಗೆ ಬರುವವರಲ್ಲಿ ಕುಡಿಯುವವರಿಗಿಂತ ಅಡುಗೆಯವರೇ ಹೆಚ್ಚು. ಉಳಿದ ಕಳ್ಳು ದಿನ ಕಳೆದಂತೆ ಹುಳಿತು ವಿನೆಗರ್ ಆಗಿ ಭರಣಿ ಸೇರುತ್ತದೆ. ಯೀಸ್ಟಿನ ಪುಡಿ ಹಾಕಿ ಮಾಡುವ ಸಾನ್ನ ಈಗ ಸಾಮಾನ್ಯವಾಗಿದೆ. ಅದು ಉಬ್ಬುತ್ತದೆ, ಅಷ್ಟೆ.

ಕುಂದಾಪುರ ಮೂರು ಕಡೆ ನೀರು ಸುತ್ತುವರಿದ ಪಟ್ಟಣ. ಐದು ನದಿಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯ ಹಿನ್ನೀರಿನಲ್ಲಿ ಕುದ್ರುಗಳು ತೇಲಿದಂತೆ ನಿಂತಿವೆ. ಅವುಗಳ ಮೇಲೂ ತೆಂಗು. ಇಂಥ ಹೊಳೆಬದಿಯ ಒಂದು ಗಡಂಗು ಈ ದಾರಿಯಲ್ಲೆಲ್ಲ ಶ್ರೇಷ್ಠವೆನ್ನಿಸುವಂಥದು. ಹೆಸರಿನ ಫಲಕವನ್ನು ಯಾರೂ ಓದುವುದಿಲ್ಲ, ದಾರಿ ಕೇಳಿಯೇ ಹೋಗಬೇಕು. ಒಬ್ಬನೇ ಮೂರ್ತೆದಾರ, ಅವನದೇ ಮರಗಳ ಕಳ್ಳು, ಮೀನು ಹುರಿಯುವವಳು ಹೆಂಡತಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಬಾಯಾರಿ ಬಂದ ಅತಿಥಿಗೆ ಅಲ್ಲಿ ಸಿಗುವ ಸ್ವಾಗತ ಹೀಗೆ:

“ಹ್ವಾಯ್, ಕೂಕಣಿ. ಬೆಳ್ಗಿಂದು ಹುಳಿ ಆಯ್ತ್, ಅದ್ ಬ್ಯಾಡ. ನಾಲ್ಕ್ ಗಂಟಿಗೆ ಇಳ್ಸ್ತೆ, ಅಲ್ಲಿವರಿಗೆ ಒಂದ್ ಬೊಂಡ ಕುಡಿನಿ.”

ಕೈಗೆ ಬಂದ ಗಿರಾಕಿಗೆ ಎಳನೀರು ಕೊಟ್ಟು ಕೂರಿಸುವ ವ್ಯಾಪಾರಿಯನ್ನು ನಗರದ ಯಾವ ಪಾನಶಾಲೆಯಲ್ಲಿ ಕಾಣಬಹುದು? ನಾಲ್ಕರ ನಂತರ ಬರುವ ಕಳ್ಳು ಕಾದುದಕ್ಕೆ ತಕ್ಕ ಫಲ. ನೊರೆ ಸಣ್ಣದು, ಬೇಗ ಅಡಗುವಂಥದು. ಮೂಗಿಗೆ ಹೊಂಬಾಳೆಯ ಹಸಿ ಗಂಧ. ನಾಲಿಗೆಗೆ ಮೊದಲು ಸಿಹಿ, ಹಿಂದೆಯೇ ಒಂದು ಚುರುಕು, ಕೊನೆಗೆ ಮಜ್ಜಿಗೆಯಂಥ ತೆಳು ಹುಳಿ. ಜತೆಗೆ ಬಾಳೆಯೆಲೆಯ ಮೇಲೆ ಕೆಂಪು ಮಸಾಲೆಯ ಬಂಗುಡೆ, ದಿನ ಚೆನ್ನಾಗಿದ್ದರೆ ಚಟ್ಲಿ. ಪರ ಊರಿನವರು ಸಿಗಡಿ ಎನ್ನುವುದನ್ನೇ ಕುಂದಾಪುರ ಚಟ್ಲಿ ಎಂದು ಕರೆಯುತ್ತದೆ. ದೋಷವನ್ನೂ ಹೇಳಬೇಕು. ಬೆಂಚು ನಾಲ್ಕು ಜನಕ್ಕೆ ಮಾತ್ರ, ಕೈ ತೊಳೆಯಲು ಬಾವಿಕಟ್ಟೆಗೇ ಹೋಗಬೇಕು, ಹೆಂಗಸರು ಕುಳಿತುಕೊಳ್ಳಲು ಅನುಕೂಲವಿಲ್ಲ. ಇದ್ದ ಕಳ್ಳು ಮುಗಿದರೆ ಅಂದಿಗೆ ಅಂಗಡಿಯೂ ಮುಗಿಯಿತು. ದೂರದಿಂದ ಬಂದವರು ಬರಿಗೈಯಲ್ಲಿ ಮರಳುವುದು ಇಲ್ಲಿ ಅಪರೂಪವಲ್ಲ.

ಇದಕ್ಕೆ ತೀರ ಬೇರೆಯಾದುದು ಬೈಂದೂರಿನ ದಾರಿಬದಿಯ ವ್ಯಾಪಾರ. ಕಡಲು ನೋಡಲು ಬಂದ ಪ್ರವಾಸಿಗರಿಗಾಗಿಯೇ ಎಂಬಂತೆ ಸಿದ್ಧವಾದ ಅಂಗಡಿಯೊಂದರಲ್ಲಿ ಕುರ್ಚಿಯುಂಟು, ಬೀಸಣಿಗೆಯುಂಟು, ಕುಟುಂಬದವರಿಗೆ ಬೇರೆ ಕೋಣೆಯುಂಟು. ಹುಡುಗರು ಓಡೋಡಿ ಬಂದು ‘ಎಂತ ಕೊಡ್ಲಿ?’ ಎಂದು ವಿಚಾರಿಸುತ್ತಾರೆ. ಮೀನು ನಿಜಕ್ಕೂ ಉತ್ತಮ. ಆದರೆ ಸಂಜೆ ಐದಕ್ಕೆ ಕೇಳಿದರೂ, ಮಧ್ಯಾಹ್ನ ಹನ್ನೆರಡಕ್ಕೆ ಕೇಳಿದರೂ ಕಳ್ಳು ಒಂದೇ ಸಿಹಿ. ಯಾವಾಗ ಇಳಿಸಿದ್ದೆಂದರೆ ‘ಈಗಷ್ಟೆ’ ಎಂಬ ಒಂದೇ ಉತ್ತರ. ಹುಳಿಯಾಗದ ಕಳ್ಳನ್ನು ನಂಬಬಾರದೆಂಬುದು ಬಲ್ಲವರ ಮಾತು. ಹೊತ್ತಿನೊಂದಿಗೆ ಬದಲಾಗದ ರಸಕ್ಕೆ ಯಾರೋ ಏನನ್ನೋ ಸೇರಿಸಿರಬೇಕು. ಸಕ್ಕರೆಯೋ, ಸ್ಯಾಕರೀನೋ, ಬರಿಯ ನೀರೋ. ಉಪಚಾರಕ್ಕೆ ಪೂರ್ಣಾಂಕ ಕೊಟ್ಟು ಕಳ್ಳಿಗೆ ಸೊನ್ನೆ ಕೊಡಬೇಕಾದ ಪ್ರಸಂಗ.

ಬೈಂದೂರಿನ ಮೂಡಣಕ್ಕೆ, ಘಟ್ಟದ ತಪ್ಪಲಿಗೆ ಸರಿದರೆ ಇನ್ನೊಂದು ಮರದ ಮಾತು ಕೇಳಿಬರುತ್ತದೆ: ಬೈನೆ, ಬಗನಿ ಎಂದು ಕರೆಯುವ ಕಾಡಿನ ತಾಳೆ. ಆನೆಗೆ ಪ್ರಿಯವಾದ ಈ ಮರ ಬಾಳಿನುದ್ದಕ್ಕೂ ಹೂವಿಲ್ಲದೆ ಬೆಳೆದು, ಒಮ್ಮೆ ತೊಡಗಿದರೆ ನೆತ್ತಿಯಿಂದ ಕೆಳಕೆಳಗೆ ಒಂದೊಂದೇ ಜಡೆಯಂಥ ಗೊನೆ ಬಿಡುತ್ತ ಬಂದು, ಕೊನೆಯ ಗೊನೆ ಮಾಗಿದ ಮೇಲೆ ನಿಂತಲ್ಲೇ ಸಾಯುತ್ತದೆ. ಅದರ ಕಳ್ಳು ತೆಂಗಿನದಕ್ಕಿಂತ ಭಾರ, ಕಾಡಿನ ವಾಸನೆಯದು. ಅಂಗಡಿಗಳಲ್ಲಿ ಅದನ್ನು ಎದುರುನೋಡಬಾರದು.

ಕಲಬೆರಕೆಯ ಭಯ ಕೇವಲ ನಾಲಿಗೆಯ ಪ್ರಶ್ನೆಯಲ್ಲ. ಬಯಲುಸೀಮೆಯಲ್ಲಿ ಕ್ಲೋರಲ್ ಹೈಡ್ರೇಟಿನಂಥ ನಿದ್ರಾಜನಕಗಳನ್ನು ಬೆರೆಸಿದ ಹೆಂಡ ಅನೇಕ ಸಂಸಾರಗಳನ್ನು ಹಾಳುಗೆಡಹಿತು. 2004ರಲ್ಲಿ ಕರ್ನಾಟಕ ಸರಕಾರ ಶೇಂದಿಯನ್ನು ನಿಷೇಧಿಸಿದಾಗ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನು ಮಾತ್ರ ಹೊರತುಪಡಿಸಿತು. 2007ರಲ್ಲಿ ಸಾರಾಯಿಯೂ ನಿಂತಿತು. ಇದಕ್ಕೂ ಹಿಂದೆ, 1948ರಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಪಾನನಿಷೇಧ ಜಾರಿಯಾದಾಗ, ಆಗ ಆ ಪ್ರಾಂತದಲ್ಲಿದ್ದ ಈ ಕರಾವಳಿಯ ಮರಗಳಿಂದಲೂ ಮಡಕೆಗಳು ಇಳಿದಿದ್ದವು; ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರಿ, 1960ರ ದಶಕದ ಕೊನೆಗೆ ನಿರ್ಬಂಧ ಸಡಿಲಿದ ಮೇಲೆ ಮತ್ತೆ ಏರಿದವು. ಹೀಗೆ ಕಾನೂನಿನ ಕೈ ತಡೆದರೂ ಕಸುಬು ಅಳಿಯಲಿಲ್ಲ.

ಈಗ ಅದನ್ನು ಅಳಿಸುತ್ತಿರುವುದು ಕಾನೂನಲ್ಲ. ಮರ ಹತ್ತುವವರಿಲ್ಲ.

1801ರಲ್ಲಿ ಕಂಪೆನಿ ಸರಕಾರದ ಪರವಾಗಿ ಈ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ತಾಳೆಮರಗಳಿಂದ ರಸ ಇಳಿಸುವ ಬಿಲ್ಲವರ ಕಸುಬನ್ನು ದಾಖಲಿಸಿದ್ದಾನೆ. ತಲೆಮಾರುಗಳಿಂದ ಮೂರ್ತೆ ಹೆಚ್ಚಾಗಿ ಅವರ ಕೈಯಲ್ಲೇ ಉಳಿಯಿತು. ಆದರೆ ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ ಆ ಸಮುದಾಯಕ್ಕೆ ತಲೆಯೆತ್ತಿ ನಡೆಯಲು ಕಲಿಸಿದ ನಾರಾಯಣ ಗುರುಗಳೇ ಮದ್ಯವನ್ನು ತಯಾರಿಸಲೂ ಬಾರದು, ಮಾರಲೂ ಬಾರದು, ಕುಡಿಯಲೂ ಬಾರದು ಎಂದು ಉಪದೇಶಿಸಿದವರು. ಗುರುಗಳ ಪಟಕ್ಕೆ ಹೂವೇರಿಸಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೊರಡುವವನ ಮನಸ್ಸಿನ ತೊಳಲಾಟವನ್ನು ಹೊರಗಿನವರು ಹಗುರವಾಗಿ ಕಾಣಬಾರದು. ಕುಡಿತದ ಇನ್ನೊಂದು ಮುಖವನ್ನು ಮರೆಯಲೂ ಬಾರದು. ಬ್ರಹ್ಮಾವರ, ಕುಂದಾಪುರಗಳ ನಡುವಣ ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಷ್ಟು ಹಿಂದೆಯೇ ಆ ಮುಖವನ್ನು ತೋರಿಸಿತ್ತು. ನೆಲವಿಲ್ಲದ, ಸಾಲದಲ್ಲಿ ಮುಳುಗಿದ ಚೋಮನಿಗೆ ಸಂಜೆಯ ಹೆಂಡ ವಿನೋದವಾಗಿರಲಿಲ್ಲ.

ಲೆಕ್ಕ ಹಾಕಿದರೆ ಈ ದುಡಿತದ ಅಳತೆ ತಿಳಿಯುತ್ತದೆ. ಹನ್ನೆರಡು ಮರ, ಮರವೊಂದು ಹದಿನೈದು ಮೀಟರ್ ಎತ್ತರ, ದಿನಕ್ಕೆ ಎರಡು ಸಲ: ಒಬ್ಬ ಮೂರ್ತೆದಾರ ದಿನಕ್ಕೆ 360 ಮೀಟರ್ ಹತ್ತುತ್ತಾನೆ. ನಾಲ್ಕು ದಿನಗಳಲ್ಲಿ 1,343 ಮೀಟರಿನ ಕೊಡಚಾದ್ರಿಯನ್ನು ಮೀರಿ ನಿಂತಿರುತ್ತಾನೆ, ಅದೂ ಕಾಲಿಗೆ ಹಗ್ಗದ ತಳೆಯೊಂದನ್ನು ತೊಟ್ಟು, ಸೊಂಟದಲ್ಲಿ ತುಂಬಿದ ಪಾತ್ರೆಯನ್ನು ಹೊತ್ತು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಡದಿಂದ ಜಾರಿದವರ ಕತೆ ಪ್ರತಿ ಊರಿನಲ್ಲೂ ಒಂದೆರಡು ಇವೆ. ಬದುಕಿ ಉಳಿದವರು ಬೆನ್ನುಹುರಿಗೆ ಪೆಟ್ಟುಬಿದ್ದು ಹಾಸಿಗೆಯಲ್ಲಿರುತ್ತಾರೆ. ಅಷ್ಟು ಮಾಡಿ ಒಂದು ಮರದಿಂದ ದಿನಕ್ಕೆ ಸಿಗುವುದು ಒಂದೆರಡು ಲೀಟರ್. ಅದರಲ್ಲಿ ಮರದ ಒಡೆಯನ ಪಾಲೂ ಅಬಕಾರಿಯ ಶುಲ್ಕವೂ ಕಳೆಯಬೇಕು.

ಹೊಳೆಬದಿಯ ಗಡಂಗಿನವನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಕುಂದಾಪುರ, ಬೈಂದೂರುಗಳ ಹುಡುಗರು ಹೊಟೇಲು, ಬೇಕರಿಗಳ ದಾರಿ ಹಿಡಿದು ಘಟ್ಟ ಹತ್ತುವುದು ಹಳೆಯ ವಾಡಿಕೆ. ಹಿರಿಯ ಮಗ ಬೇಕರಿಯಲ್ಲಿ. ಕಿರಿಯವನು, ವಿಚಿತ್ರವೆಂದರೆ, ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಗಳಿರುವ ಅಂಥದೊಂದು ಮನೆಯಲ್ಲೇ ಬಿಯರ್ ಬಡಿಸುತ್ತಾನೆ. “ಅವ ಮರ ಹತ್ತುಕ್ ಬತ್ತಿಲ್ಲ. ನಾನೂ ಬಾ ಅಂಬುದಿಲ್ಲ” ಎಂದು ತಂದೆ ಹೇಳುವಾಗ ದನಿಯಲ್ಲಿ ದೂರು ಕಾಣಿಸುವುದಿಲ್ಲ.

ಬೇರೊಂದು ದಾರಿಯೂ ತೆರೆದಿದೆ. 1916ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ತೆಂಗು ಸಂಶೋಧನಾ ಕೇಂದ್ರ ಇಂದು ಕೇಂದ್ರ ಸರಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೊಂಬಾಳೆಗೆ ಕಟ್ಟಿ, ರಸ ತೊಟ್ಟಿಕ್ಕುವಾಗಲೇ ತಂಪಾಗಿಸಿ ಹುಳಿಯದಂತೆ ಉಳಿಸುವ ಉಪಾಯವನ್ನು ಅಲ್ಲಿಯ ವಿಜ್ಞಾನಿಗಳು ರೂಪಿಸಿದರು. ಅಮಲಿಲ್ಲದ ಆ ರಸಕ್ಕೆ ‘ಕಲ್ಪರಸ’ವೆಂದು ಹೆಸರಿಟ್ಟರು. ಕುಂದಾಪುರದ ಬಳಿಯ ಜಪ್ತಿಯಲ್ಲಿ ತೆಂಗು ಬೆಳೆಗಾರರ ಉತ್ಪಾದಕ ಕಂಪೆನಿಯೊಂದು ಈಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಕೈ ಹಾಕಿತು. ತಂಪಾದ ಕಲ್ಪರಸ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕುಡಿಯಬಹುದಾದ, ಮನೆಮಂದಿಯೆಲ್ಲ ಒಂದೇ ಬೆಂಚಿನಲ್ಲಿ ಕುಳಿತು ಸವಿಯಬಹುದಾದ ಪೇಯ. ಗುರುಗಳ ಮಾತಿಗೂ ಅಡ್ಡಿಯಿಲ್ಲ. ಆದರೆ ಮಂಜಿನ ಪೆಟ್ಟಿಗೆ ತಾನಾಗಿ ಮರ ಹತ್ತದು. ಅದಕ್ಕೂ ಅದೇ ಕಾಲು, ಅದೇ ಕೈ, ಅದೇ ಎರಡು ಹೊತ್ತು ಬೇಕು.

ಹೋಗಬಯಸುವವರಿಗೆ ಕೆಲವು ಮಾತು. ನವೆಂಬರಿನಿಂದ ಮೇ ತಿಂಗಳವರೆಗೆ ಕಾಲ ಒಳ್ಳೆಯದು. ಮಳೆಯ ನೀರು ಮಡಕೆಗೂ ಇಳಿಯುವ ಆಷಾಢದಲ್ಲಿ ಹೋಗಿ ಕಳ್ಳು ತೆಳುವೆಂದು ದೂರಬಾರದು. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಹೋಗಬೇಕು. ಬಂಡಿ ನಡೆಸುವವನು ಬಂಗುಡೆಯಲ್ಲೇ ತೃಪ್ತನಾಗಬೇಕು. ಮೊದಲ ಲೋಟವನ್ನು ಮೂಸಿ ನೋಡುವುದಕ್ಕೆ ಯಾರೂ ನಗುವುದಿಲ್ಲ, ಹಳಬರೂ ಹಾಗೆಯೇ ಮಾಡುತ್ತಾರೆ. ಸಾನ್ನಕ್ಕೆಂದು ಮನೆಗೆ ಒಯ್ಯುವವರು ಕುಪ್ಪಿಯನ್ನು ಮುಕ್ಕಾಲು ಮಾತ್ರ ತುಂಬಿಸಿ, ಬಿರಡೆಯನ್ನು ಸಡಿಲವಾಗಿ ಇಟ್ಟುಕೊಳ್ಳಬೇಕು. ಬಿಗಿದರೆ ದಾರಿಯಲ್ಲೇ ಸಿಡಿಯುತ್ತದೆ. ಮರವಂತೆಯ ಸೆಕೆಯಲ್ಲಿ ಒಂದು ಗಂಟೆಯೂ ತಾಳದು.